ಮೋಹದ ಹೆಂಡತಿ, ಮಾವನ ಮನೆ: ಶಿಶುನಾಳ ಶರೀಫರ ಬದುಕು ಮತ್ತು ಪದ

ಕುಂದಗೋಳವನ್ನು ನಾಡು ಬಲ್ಲುದು ಸವಾಯಿ ಗಂಧರ್ವರ ಹೆಸರಿನಿಂದ. ಧಾರವಾಡ ಜಿಲ್ಲೆಯ ಈ ತಾಲ್ಲೂಕು ಕೇಂದ್ರಕ್ಕೆ ಇನ್ನೊಂದು ನಂಟೂ ಇದೆ. ಸಂಗೀತೋತ್ಸವದ ಆಹ್ವಾನ ಪತ್ರಿಕೆಗಳಲ್ಲಿ ಅದು ಕಾಣಸಿಗುವುದಿಲ್ಲ. ಸಂತ ಶಿಶುನಾಳ ಶರೀಫರ ಪತ್ನಿ ಫಾತಿಮಾ ಈ ಊರಿನ ಮಗಳು. ಅಂದರೆ ಕುಂದಗೋಳ ಶರೀಫರಿಗೆ ಮಾವನ ಮನೆ.

ಈ ಸಂಬಂಧವನ್ನು ಎತ್ತಿ ಹೇಳಲು ಕಾರಣವಿದೆ. ಶರೀಫರ ಪ್ರಸಿದ್ಧ ಪದಗಳಲ್ಲೊಂದು ಮೋಹದ ಹೆಂಡತಿಯ ಸಾವಿನಿಂದಲೇ ಆರಂಭವಾಗುತ್ತದೆ. ಹೆಂಡತಿಯೇ ಇಲ್ಲವಾದ ಮೇಲೆ ಮಾವನ ಮನೆಯೊಡನೆ ಎಂಥ ಋಣ ಎಂಬುದು ಅದರ ತಾತ್ಪರ್ಯ. ಹಳ್ಳಿಯ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ತಲೆಮಾರುಗಳಿಂದ ಹಾಡಿಕೊಂಡು ಬಂದ ಈ ಪದಕ್ಕೆ ನಮ್ಮಲ್ಲಿ ಒಂದು ಸಿದ್ಧ ಅರ್ಥವಿದೆ. ಹೆಂಡತಿ ಎಂದರೆ ಮಾಯೆ, ಮಾವನ ಮನೆ ಎಂದರೆ ಸಂಸಾರ. ಮಾಯೆ ಅಳಿದವನಿಗೆ ಸಂಸಾರದ ಹಂಗಿಲ್ಲ. ಅರ್ಥವೇನೋ ಸರಿಯಾದುದೇ. ಆದರೆ ಹೀಗೆ ಬಿಡಿಸಿ ಹೇಳಿದ ಕೂಡಲೇ ಕುಂದಗೋಳದ ಫಾತಿಮಾ ಪದದಿಂದ ಕಾಣೆಯಾಗುತ್ತಾರೆ. ಬದುಕಿ ಬಾಳಿ ಸತ್ತ ಹೆಣ್ಣುಮಗಳೊಬ್ಬಳು ವೇದಾಂತದ ಒಂದು ಉದಾಹರಣೆಯಾಗಿ ಮಾತ್ರ ಉಳಿಯುತ್ತಾಳೆ. ಶರೀಫರ ಬದುಕನ್ನೂ ಪದಗಳನ್ನೂ ಒಟ್ಟಿಗೆ ಇರಿಸಿ ನೋಡಿದರೆ ಈ ಸಿದ್ಧ ಅರ್ಥ ಸಾಲದು ಎಂಬುದು ಮನವರಿಕೆಯಾಗುತ್ತದೆ.

ಪೇಶ್ವೆಗಳ ಆಳ್ವಿಕೆ 1818ರಲ್ಲಿ ಕೊನೆಗೊಂಡು ಧಾರವಾಡ ಸೀಮೆ ಬ್ರಿಟಿಷರ ವಶವಾದ ಮರುವರ್ಷ, 1819ರಲ್ಲಿ, ಶರೀಫರು ಶಿಶುನಾಳದಲ್ಲಿ ಜನಿಸಿದರು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಈ ಹಳ್ಳಿ 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾದ ಬಳಿಕ ಶಿಗ್ಗಾವಿ ತಾಲ್ಲೂಕಿನೊಡನೆ ಆ ಜಿಲ್ಲೆಯ ಪಾಲಾಯಿತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಮಗುವಿಗೆ ಇಟ್ಟ ಹೆಸರು ಮಹಮ್ಮದ ಶರೀಫ. ಸಮೀಪದ ಹುಲಗೂರಿನ ಖಾದರಶಾ ವಲಿಯವರ ಕೃಪೆಯಿಂದ ಹುಟ್ಟಿದ ಮಗನೆಂಬುದು ಆ ಭಾಗದ ನಂಬಿಕೆ. ಆ ವಲಿಯ ದರ್ಗಾದ ಉರುಸಿಗೆ ಜಾತಿ ಮತಗಳ ಎಣಿಕೆಯಿಲ್ಲದೆ ಜನ ಸೇರುವುದು ಇಂದಿಗೂ ರೂಢಿ. ಇಮಾಮ ಸಾಹೇಬರ ಮನೆಯಲ್ಲಿ ಕುರಾನಿನೊಂದಿಗೆ ರಾಮಾಯಣ, ಮಹಾಭಾರತ, ಅಲ್ಲಮಪ್ರಭುವಿನ ಕತೆಗಳೂ ನಡೆಯುತ್ತಿದ್ದವೆಂದು ಶರೀಫರ ಚರಿತ್ರೆಗಳು ಹೇಳುತ್ತವೆ. ಹುಡುಗ ಬೆಳೆದದ್ದು ಈ ಮಿಶ್ರ ಗಾಳಿಯಲ್ಲಿ. ಕೂಲಿಮಠದಲ್ಲಿ ಅಕ್ಷರ ಕಲಿತು, ಮುಲ್ಕಿ ಪರೀಕ್ಷೆ ಮುಗಿಸಿ, ಸುತ್ತಲ ಹಳ್ಳಿಗಳಲ್ಲಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆಯನ್ನೂ ಮಾಡಿದರು. ಆ ಕಾಲಕ್ಕೆ ಸರಕಾರಿ ಮಾಸ್ತರಿಕೆ ಸಣ್ಣ ಗೌರವವೇನಲ್ಲ. ಅದನ್ನು ಬಿಟ್ಟು ಹೊರಟರು.

ಹೊರಟದ್ದು ಗುರುವನ್ನರಸಿ. ಈಗಿನ ಕುಂದಗೋಳ ತಾಲ್ಲೂಕಿಗೆ ಸೇರಿದ ಕಳಸ ಗ್ರಾಮದ ಗೋವಿಂದಭಟ್ಟರು ಮಡಿ ಮೈಲಿಗೆಗಳನ್ನು ಗಾಳಿಗೆ ತೂರಿದ ಬ್ರಾಹ್ಮಣ. ಊರವರ ಕಣ್ಣಿಗೆ ಅರೆಹುಚ್ಚ, ಬಲ್ಲವರಿಗೆ ಜ್ಞಾನಿ. ಮೊದಲ ಭೇಟಿಯಲ್ಲಿ ಭಟ್ಟರು ನಿನ್ನ ಅಪ್ಪ ಯಾರೆಂದು ಕೇಳಿದರಂತೆ. ನಿಮ್ಮ ಅಪ್ಪನೇ ನನಗೂ ಅಪ್ಪ ಎಂಬರ್ಥದ ಉತ್ತರ ತರುಣನಿಂದ ಬಂತಂತೆ. ನೆರೆದವರು ಸಿಟ್ಟಿಗೆದ್ದರು, ಭಟ್ಟರು ನಕ್ಕು ಶಿಷ್ಯನನ್ನು ಸ್ವೀಕರಿಸಿದರು ಎಂಬುದು ಪ್ರತೀತಿ. ಮುಂದೆ ಗುರು ಶಿಷ್ಯನಿಗೆ ಜನಿವಾರ ತೊಡಿಸಿದ್ದು, ಅದರಿಂದ ಇತ್ತ ಅಗ್ರಹಾರವೂ ಅತ್ತ ಮಸೀದಿಯೂ ಕೆರಳಿದ್ದು ಎಲ್ಲರೂ ಬಲ್ಲ ಕತೆ. ಆ ಜನಿವಾರದ ಕುರಿತು ಶರೀಫರದೊಂದು ಪದವೇ ಇದೆ. ಚಲನಚಿತ್ರದಿಂದಾಗಿ ಈ ಪ್ರಸಂಗಗಳು ಮನೆಮಾತಾಗಿರುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಮದುವೆಯ ಸಂಗತಿ ಅಷ್ಟಾಗಿ ಚರ್ಚೆಯಾಗಿಲ್ಲ. ಮಗ ಬೈರಾಗಿಯಾಗಿಬಿಟ್ಟಾನೆಂಬ ಅಂಜಿಕೆಯಿಂದ ತಂದೆತಾಯಿ ಒತ್ತಾಯ ಮಾಡಿ ಕುಂದಗೋಳದ ಹೆಣ್ಣು ತಂದರು. ಕುಂದಗೋಳ ಅಂದು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಶಿಶುನಾಳ ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿದ್ದು. ಸೊಸೆಯಾಗಿ ಬಂದ ಫಾತಿಮಾ ಒಂದು ರಾಜ್ಯದ ಗಡಿಯನ್ನೇ ದಾಟಿ ಬಂದವರು. ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಒಂದು ಹೆಣ್ಣುಮಗು ಹುಟ್ಟಿತು, ದಕ್ಕಲಿಲ್ಲ. ಫಾತಿಮಾ ಸಹ ತೀರಿಹೋದರು. ಶರೀಫರು ಮತ್ತೆ ಸಂಸಾರ ಹೂಡಲಿಲ್ಲ. ಬದುಕಿನ ಉಳಿದ ದಿನಗಳು ಗುರುವಿನ ಹಿಂದೆ, ಮಠ, ದರ್ಗಾ, ಜಾತ್ರೆಗಳ ದಾರಿಯಲ್ಲಿ ಸವೆದವು.

ಮೋಹದ ಹೆಂಡತಿಯ ಪದವನ್ನು ಜನ ಈ ಸಾವಿನೊಂದಿಗೆ ಜೋಡಿಸಿಯೇ ನೆನೆಯುತ್ತಾರೆ. ಹಾಗಾದರೆ ಅದು ದುಃಖದ ಹಾಡೋ, ಬಿಡುಗಡೆಯ ಹಾಡೋ? ಸುಮ್ಮನೆ ಮೇಲಿಂದ ಓದಿದರೆ ಕಠೋರವೆನಿಸುತ್ತದೆ. ಹೆಂಡತಿ ಸತ್ತುದರಿಂದ ಪೀಡೆ ಕಳೆಯಿತು ಎಂದು ಗಂಡಸೊಬ್ಬ ಹಾಡುತ್ತಿದ್ದಾನೆಯೇ ಎಂಬ ಸಂಶಯ ಇಂದಿನ ಓದುಗನಿಗೆ, ಅದರಲ್ಲೂ ಓದುಗಳಿಗೆ, ಬಂದರೆ ತಪ್ಪಲ್ಲ. ಟೀಕಾಕಾರರ ದಾರಿ ಹಿಡಿದು ಹೆಂಡತಿಯನ್ನು ಮಾಯೆಯಾಗಿಸಿದರೆ ಸಂಶಯ ತೀರುತ್ತದೆ, ಆದರೆ ಪದ ತಣ್ಣಗಾಗುತ್ತದೆ.

ಗಂಟು ಇರುವುದು ಮೋಹ ಎಂಬ ಮಾತಿನಲ್ಲಿ. ಶಾಸ್ತ್ರದ ಭಾಷೆಯಲ್ಲಿ ಮೋಹವೆಂದರೆ ಭ್ರಮೆ, ಅರಿಷಡ್ವರ್ಗಗಳಲ್ಲೊಂದು, ಗೆಲ್ಲಬೇಕಾದ ಶತ್ರು. ಮನೆಮಾತಿನಲ್ಲಿ ಮೋಹವೆಂದರೆ ಅಕ್ಕರೆ, ಪ್ರೀತಿ. ಮೋಹದ ಮಗಳು ಎಂದರೆ ಮುದ್ದಿನ ಮಗಳು. ಶರೀಫರ ಪದದಲ್ಲಿ ಈ ಎರಡು ಅರ್ಥಗಳಲ್ಲಿ ಒಂದು ನಿಜ, ಇನ್ನೊಂದು ಸುಳ್ಳು ಎಂದೇನಿಲ್ಲ. ಭ್ರಮೆಯೆಂಬ ಹೆಂಡತಿ ತೀರಿದಳು; ಅಕ್ಕರೆಯ ಹೆಂಡತಿಯೂ ತೀರಿದಳು. ಒಂದೇ ಮಾತಿನೊಳಗೆ ವೇದಾಂತಿಯೂ ವಿಧುರನೂ ಕೂತಿದ್ದಾರೆ. ಮಾವನ ಮನೆಯ ಮಾತಿಗೂ ಇದೇ ನ್ಯಾಯ. ಹೆಂಡತಿ ತೀರಿದರೆ ಆಕೆಯ ತಂಗಿಯನ್ನು ತಂದು ಬೀಗತನ ಉಳಿಸಿಕೊಳ್ಳುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಅದನ್ನು ಒಲ್ಲೆನೆಂದ ಗಂಡಿನ ಹಟವೂ ಆ ಪದದಲ್ಲಿ ಕೇಳಿಸುತ್ತದೆ. ಪ್ರೀತಿಸಿದವಳು ಇರುವಷ್ಟು ದಿನ ಆ ಮನೆ ತನ್ನದು. ಆಕೆಯಿಲ್ಲದ ಮೇಲೆ ಅಲ್ಲಿಗೆ ಹೋಗಿ ಉಣ್ಣುವ ತುತ್ತು ಗಂಟಲಿಳಿಯದು. ಇದು ನಿಷ್ಠುರತೆಯಲ್ಲ, ನಿಷ್ಠೆ ಎಂದು ಓದಲಿಕ್ಕೂ ಸಾಧ್ಯವಿದೆ.

ಶರೀಫರ ಪದಗಳು ಎಲ್ಲಿಯೂ ಆಕಾಶದಿಂದ ಇಳಿದು ಬಂದವುಗಳಲ್ಲ. ಸೋರುವ ಮಾಳಿಗೆಯ ಪದವನ್ನೇ ನೋಡಿ. ಎರೆನಾಡಿನ ಮನೆಗಳಿಗೆ ಮರದ ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಮೆತ್ತದಿದ್ದರೆ ಒಳಗೆ ಹನಿ ತಪ್ಪದು. ಆ ಮಾಳಿಗೆ ಮೊದಲು ನಿಜವಾಗಿ ಸೋರಬೇಕು; ಆಮೇಲಷ್ಟೇ ಅದು ಅಜ್ಞಾನದಿಂದ ಸೋರುವ ಮನಸ್ಸು. ಹುಬ್ಬಳ್ಳಿಗೆ ಬಂದ ಗಿರಣಿ, ಬೀಸುವ ಕಲ್ಲು, ತಂಬೂರಿ, ದಾರಿಯಲ್ಲಿ ಜಾರಿ ಬಿದ್ದ ಮುದುಕಿ, ಹೀಗೆ ಕಣ್ಣಿಗೆ ಬಿದ್ದುದನ್ನೆಲ್ಲ ಅವರು ಪದಕ್ಕೆ ಎಳೆದು ತಂದರು. ಹೊರಗಿನ ವಸ್ತು ಗಟ್ಟಿಯಿದ್ದಷ್ಟೂ ಒಳಗಿನ ಅರ್ಥಕ್ಕೆ ಬಲ. ಗಿರಣಿಗೆ, ಮಾಳಿಗೆಗೆ ಸಲ್ಲುವ ಈ ಮರ್ಯಾದೆಯನ್ನು ನಾವು ಹೆಂಡತಿಗೆ ಮಾತ್ರ ಏಕೆ ಕೊಡುವುದಿಲ್ಲ?

ಟೀಕಾಕಾರರನ್ನು ದೂರಿ ಪ್ರಯೋಜನವಿಲ್ಲ, ಅವರಿಗೂ ಪರಂಪರೆಯಿದೆ. ಹನ್ನೆರಡನೆಯ ಶತಮಾನದ ವಚನಕಾರರು ಬೆಡಗಿನ ವಚನಗಳನ್ನು ಬರೆದರು. ಮುಂದಿನವರು ಅವಕ್ಕೆ ಟೀಕು ಬರೆದು ಹುಲಿಯೆಂದರೆ ಇದು, ಹುತ್ತವೆಂದರೆ ಅದು ಎಂದು ಬಿಡಿಸಿಟ್ಟರು. ಒಗಟಿನಂಥ ಪದಗಳಿಗೆ ಅದು ಬೇಕೇಬೇಕು. ಕೋಳಿಯೊಂದು ಕೋಡಗವನ್ನು ನುಂಗುವ ಶರೀಫರ ಪದವನ್ನು ಟೀಕಿಲ್ಲದೆ ತಿಳಿಯುವುದು ಕಷ್ಟ. ಆದರೆ ಮದುವೆ, ಮಿಲನ, ಅಗಲಿಕೆಯ ಪದಗಳು ಒಗಟುಗಳಲ್ಲ. ಶರಣನೇ ಸತಿ, ಲಿಂಗವೇ ಪತಿ ಎಂಬ ನಿಲುವಿನಿಂದ ಹಾಡಿದ ಅಕ್ಕಮಹಾದೇವಿಯ ವಿರಹವನ್ನು ಕೋಷ್ಟಕ ಹಾಕಿ ಬಿಡಿಸಲಾಗದು. ಗಂಡಸಾದ ಉರಿಲಿಂಗದೇವ ಹೆಣ್ಣಾಗಿ ನಿಂತು ಲಿಂಗವನ್ನು ನಲ್ಲನೆಂದು ಕರೆದದ್ದೂ ಲೆಕ್ಕಕ್ಕೆ ಸಿಗುವಂಥದಲ್ಲ. ಅಲ್ಲಿ ಪ್ರೀತಿಯ ಅನುಭವವೇ ದಾರಿ, ದಾರಿಗೆ ಹಾಕಿದ ಕೈಮರವಲ್ಲ.

ಶರೀಫರನ್ನು ಕರ್ನಾಟಕದ ಕಬೀರನೆಂದು ಕರೆಯುವುದು ವಾಡಿಕೆ. ಹೋಲಿಕೆಯನ್ನು ಹಿಂದೂ ಮುಸ್ಲಿಂ ಭಾವೈಕ್ಯಕ್ಕೆ ಮಾತ್ರ ಸೀಮಿತಗೊಳಿಸದೆ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಪ್ರಯೋಜನವಿದೆ. ಕಬೀರರ ಪದಗಳು ಸಿಖ್ಖರ ಪವಿತ್ರ ಗ್ರಂಥದಲ್ಲಿ ಸೇರಿವೆ. ಐದನೆಯ ಗುರು ಅರ್ಜುನ ದೇವರು 1604ರಲ್ಲಿ ಸಂಕಲಿಸಿದ ಈ ಗ್ರಂಥದಲ್ಲಿ ಗುರುಗಳ ವಾಣಿಯೊಡನೆ ಕಬೀರ, ನಾಮದೇವ, ರವಿದಾಸ, ಸೂಫಿ ಸಂತ ಶೇಖ್ ಫರೀದರ ವಾಣಿಗೂ ಸ್ಥಾನ ದೊರಕಿತು. ಸಿಖ್ ಪರಂಪರೆ ನಮಗೆ ತೀರ ಅಪರಿಚಿತವೇನಲ್ಲ. ಗುರುನಾನಕರು ಬೀದರಿಗೆ ಬಂದರೆಂಬ ನಂಬಿಕೆಯ ಮೇಲೆ ನಾನಕ ಝೀರಾ ಗುರುದ್ವಾರ ನಿಂತಿದೆ. 1699ರಲ್ಲಿ ಗುರು ಗೋವಿಂದಸಿಂಗರು ಆರಿಸಿದ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು.

ಈ ಗ್ರಂಥದ ಉದ್ದಕ್ಕೂ ಜೀವ ಹೆಣ್ಣು, ದೇವರು ಗಂಡ. ತವರುಮನೆ ಈ ಲೋಕ, ಗಂಡನ ಮನೆ ಪರಲೋಕ. ಕಬೀರರು ರಾಮನೊಂದಿಗೆ ತಮ್ಮ ಮದುವೆ ನಡೆಯಿತೆಂದು ಸಂಭ್ರಮಿಸುತ್ತಾರೆ. ಫರೀದರ ಒಂದು ಶ್ಲೋಕದಲ್ಲಿ ಪ್ರಾಣವೇ ವಧು, ಸಾವೇ ವರ. ಮದುವೆಯ ದಿನ ನಿಗದಿಯಾಗಿದೆ, ಗೆಳತಿಯರೇ ಎಣ್ಣೆ ಎರೆಯಬನ್ನಿರಿ ಎಂಬ ಭಾವದ ನಾನಕರ ಪದವನ್ನು ಸಿಖ್ಖರು ಪ್ರತಿರಾತ್ರಿ ಮಲಗುವ ಮುನ್ನಿನ ಪ್ರಾರ್ಥನೆಯಲ್ಲಿ ಹೇಳುತ್ತಾರೆ. ಶವಸಂಸ್ಕಾರದ ಹೊತ್ತಿನಲ್ಲೂ ಅದೇ ಪ್ರಾರ್ಥನೆ. ಇತ್ತ ಮದುವೆಯಲ್ಲಿ ನಾಲ್ಕನೆಯ ಗುರು ರಾಮದಾಸರು ಸೂಹಿ ರಾಗದಲ್ಲಿ ರಚಿಸಿದ ನಾಲ್ಕು ಲಾವಾಂ ಪದಗಳನ್ನು ಹಾಡುತ್ತ ವಧೂವರರು ಗ್ರಂಥಕ್ಕೆ ನಾಲ್ಕು ಸುತ್ತು ಬರುತ್ತಾರೆ. ಆ ಪದಗಳು ವಿವರಿಸುವುದು ಜೀವವು ದೇವರನ್ನು ಹಂತ ಹಂತವಾಗಿ ಸೇರುವ ಬಗೆಯನ್ನು. ನಡೆಯುತ್ತಿರುವುದು ಮಾತ್ರ ಒಂದು ಗಂಡು, ಒಂದು ಹೆಣ್ಣಿನ ಮದುವೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಿಖ್ ಬೋಧನೆಯಲ್ಲೂ ಕಾಮ ಮತ್ತು ಮೋಹ ಐದು ಕಳ್ಳರ ಪಟ್ಟಿಯಲ್ಲಿವೆ. ಅದೇ ಗ್ರಂಥ ಗಂಡನಿಗಾಗಿ ಹಂಬಲಿಸುವ ಹೆಣ್ಣಿನ ತಳಮಳವನ್ನು ಮನಸಾರೆ ಹಾಡುತ್ತದೆ. ಇದರಲ್ಲಿ ವಿರೋಧ ಕಂಡವರಿದ್ದಾರೆ. ಜರ್ಮನ್ ವಿದ್ವಾಂಸ ಅರ್ನೆಸ್ಟ್ ಟ್ರಂಪ್ ಗ್ರಂಥದ ಭಾಗವೊಂದನ್ನು ಇಂಗ್ಲಿಷಿಗೆ ತಂದು 1877ರಲ್ಲಿ ಪ್ರಕಟಿಸಿದಾಗ ಇದೆಲ್ಲ ಅಸಂಬದ್ಧವೆಂಬ ತೀರ್ಮಾನಕ್ಕೆ ಬಂದು ಸಿಖ್ಖರನ್ನು ನೋಯಿಸಿದರು. ಆ ವರ್ಷ ಇತ್ತ ಶರೀಫರಿಗೆ 58. ಅವರು ಪದ ಕಟ್ಟುತ್ತಲೇ ಇದ್ದರು. ಕಾವ್ಯದ ಮಾತನ್ನು ನಿಘಂಟಿನ ಮಾತಾಗಿ ತಿಳಿದರೆ ಎಂಥ ಪಂಡಿತನೂ ಎಡವುತ್ತಾನೆ. ಸಿಖ್ ಗುರುಗಳಲ್ಲಿ ಹೆಚ್ಚಿನವರು ಗೃಹಸ್ಥರು. ಮನೆ ಬಿಟ್ಟು ಹೋಗುವುದನ್ನು ಅವರು ಉಪದೇಶಿಸಲಿಲ್ಲ. ಆದ್ದರಿಂದ ಅಲ್ಲಿ ದೇವರ ಪ್ರೀತಿಯನ್ನು ಹೇಳಲು ದಾಂಪತ್ಯದ ಮಾತು ಬಳಸಿದಾಗ ದಾಂಪತ್ಯ ಹಗುರಾಗುವುದಿಲ್ಲ.

ಶರೀಫರ ಕತೆ ಇಷ್ಟು ಸರಳವಲ್ಲ. ಅವರೂ ಹೆಣ್ಣಿನ ಬಾಳಿನೊಳಕ್ಕೆ ಇಳಿದು ಹಾಡಿದರು. ಅಳುವ ತಂಗಿಗೆ ಸಮಾಧಾನ ಹೇಳುವ ಅವರ ಪದ ಮೇಲುನೋಟಕ್ಕೆ ಮದುಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು. ಉಡಿಯಕ್ಕಿಯಿದೆ, ರೇಶ್ಮೆ ಸೀರೆಯಿದೆ, ಕಳಿಸಲು ನೆರೆದ ಬಳಗವಿದೆ. ಕೇಳುತ್ತ ಹೋದಂತೆ ಈ ಪಯಣ ಯಾವುದೆಂದು ಮೆಲ್ಲಗೆ ಹೊಳೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಗಂಡನ ಮನೆಗೆ ಹೊರಟ ಹೆಣ್ಣಿಗೂ ಉಡಿ ತುಂಬುತ್ತಾರೆ. ಮುತ್ತೈದೆಯಾಗಿ ಸತ್ತ ಹೆಣ್ಣಿಗೂ ಹೊಸ ಸೀರೆ ಉಡಿಸಿ ಉಡಿ ತುಂಬುತ್ತಾರೆ. ಈ ಎರಡು ಉಡಿಗಳನ್ನೂ ಕಣ್ಣಾರೆ ಕಂಡ ಹಳ್ಳಿಯವರಿಗೆ ಟೀಕು ಬೇಕಿಲ್ಲ. ಪಂಜಾಬಿನ ಫರೀದರ ಶ್ಲೋಕವನ್ನು ಶಿಶುನಾಳದಲ್ಲಿ ಯಾರೂ ಕೇಳಿರಲಾರರು. ಆದರೆ ಸಾವನ್ನು ಮದುವೆಯಾಗಿ ಕಾಣುವ ನೋಟ ಅಲ್ಲಿಗೂ ಇಲ್ಲಿಗೂ ಒಂದೇ.

ಆ ನೋಟ ಶರೀಫರಿಗೆ ಎರಡು ಕಡೆಯಿಂದಲೂ ಬಂದಿತ್ತು. ಒಂದು ಕಡೆ ಶರಣ ಸತಿಯ ಭಾವ. ಇನ್ನೊಂದು ಕಡೆ ಹುಲಗೂರಿನ ದರ್ಗಾ. ವಲಿಗಳ ಪುಣ್ಯತಿಥಿಗೆ ನಾವು ಹೇಳುವ ಉರುಸು ಎಂಬ ಮಾತು ಅರಬ್ಬಿ ಮೂಲದ್ದು, ಮದುವೆಯೆಂದೇ ಅದರ ಅರ್ಥ. ಸಂತನು ಸತ್ತ ದಿನ ಅವನು ತನ್ನ ಪ್ರಿಯನನ್ನು ಕೂಡಿದ ದಿನ. ಇನ್ನು ಮೊಹರಂ. ಶರೀಫರು ಅಲಾವಿ ಕುಣಿತಕ್ಕೆಂದು ಕಟ್ಟಿದ ಪದಗಳು ಇಂದಿಗೂ ಹೆಜ್ಜೆಮೇಳಗಳ ಬಾಯಲ್ಲಿವೆ. ಕರ್ಬಲಾದ ರಣಭೂಮಿಯಲ್ಲಿ ಮದುವೆಯಾಗಿ ಮಡಿದ ಕಾಸಿಮನ ನೆನಪು ದಖ್ಖನಿನ ಮೊಹರಂ ಆಚರಣೆಗೆ ಹೊಸದಲ್ಲ. ಹಸೆಯೂ ಚಟ್ಟವೂ ಅಕ್ಕಪಕ್ಕ ಇರುವ ಲೋಕದಲ್ಲೇ ಅವರು ಬೆಳೆದದ್ದು.

ಹೀಗಿರುವಾಗ ಹೆಂಡತಿಯ ಸಾವಿನ ಪದದಲ್ಲಿ ಮಾತ್ರ ಸತ್ತವಳು ಮಾಯೆಯಾಗಿ ಉಳಿದು, ಉಳಿದವನು ಮುಕ್ತನಾಗುವುದು ಇಂದಿನ ಕಣ್ಣಿಗೆ ತೊಡಕೆನಿಸದಿರದು. ದೇವರ ಮುಂದೆ ತಾನೇ ಹೆಂಡತಿಯಾಗಿ ನಿಲ್ಲಬಲ್ಲ ಪರಂಪರೆಯ ಕವಿ ತನ್ನ ಹೆಂಡತಿಯ ಮಾತು ಬಂದಾಗ ಗಂಡನಾಗಿಯೇ ಮಾತನಾಡುತ್ತಾನೆ. ಅವಳ ಕಡೆಯಿಂದ ನಿಂತು ಹೇಳುವ ಸಾಲು ಅಲ್ಲಿಲ್ಲ. ಈ ತೊಡಕನ್ನು ಟೀಕಿನಿಂದ ಮುಚ್ಚುವುದಕ್ಕಿಂತ ಹಾಗೆಯೇ ಬಿಡುವುದು ಲೇಸು. ಸಂತನಾದರೂ ಅವರು ಆ ಕಾಲದ ಗಂಡಸು. ಆದರೆ ಅವರದೇ ಇನ್ನೊಂದು ಪದ, ಎಂಥವಳೊಡನೆ ಸ್ನೇಹ ಮಾಡಬೇಕೆಂದು ಹೆಣ್ಣಿನ ಗುಣ ರೂಪಗಳನ್ನು ಬಣ್ಣಿಸುವ ಆ ಪದ, ಈ ಪದದ ಎದುರಿಗೆ ನಿಂತಿದೆ. ವೇದಾಂತಿಗಳು ಅವಳನ್ನು ಪರಾಶಕ್ತಿ ಎನ್ನುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಿ ನಗರದ ಯುವಕರು ಅದನ್ನು ಪ್ರೇಮಗೀತೆಯೆಂದೇ ತಿಳಿದು ಗುನುಗಿದ್ದುಂಟು. ಅವರು ಕೇಳಿದ್ದರಲ್ಲೂ ನಿಜವಿತ್ತು. ಅಷ್ಟು ಚೆಲುವಾಗಿ ಸೀರೆಯುಟ್ಟು ಬರುವವಳನ್ನು ಕಂಡಿರದ ಕವಿಗೆ ಪರಾಶಕ್ತಿಯೂ ಕಾಣಲಾರಳು.

ಈ ವಿಷಯದಲ್ಲಿ ಕುಂದಗೋಳಕ್ಕೆ ಹೇಳಲು ಇನ್ನೊಂದು ಮಾತಿದೆ ಎಂದು ತೋರುತ್ತದೆ. ಶರೀಫರು ತೀರುವ ಮೂರು ವರ್ಷ ಮೊದಲು, 1886ರಲ್ಲಿ, ಜನಿಸಿದ ಸವಾಯಿ ಗಂಧರ್ವರು ಬಾಳಿನುದ್ದಕ್ಕೂ ಹಾಡಿದ ಖಯಾಲುಗಳ ಸಾಹಿತ್ಯ ಹೆಚ್ಚಾಗಿ ವಿರಹಿಣಿಯ ಮಾತು. ಪ್ರಿಯ ಬರಲಿಲ್ಲ, ಅತ್ತೆ ನಾದಿನಿಯರು ಎಚ್ಚರಾಗಿದ್ದಾರೆ, ರಾತ್ರಿ ಸರಿಯುತ್ತಿದೆ. ಗಂಡಸರು ಹಾಡಿದರು, ಗಂಡಸರೇ ತಲೆದೂಗಿದರು. ಅದನ್ನು ಯಾರೂ ಮಾಯೆ, ಜೀವ, ಬ್ರಹ್ಮವೆಂದು ಬಿಡಿಸುವ ಗೋಜಿಗೆ ಹೋಗಲಿಲ್ಲ, ಕೇಳಿದರು ಅಷ್ಟೇ. ತತ್ತ್ವಪದಗಳಿಗೂ ಅಂಥ ಕಿವಿ ದೊರೆತಿದ್ದರೆ ಚೆನ್ನಾಗಿತ್ತು.

ಶರೀಫರ ಉತ್ತರಾರ್ಧದ ಬದುಕಿನ ಬಗ್ಗೆ ಪವಾಡಗಳೇ ಹೆಚ್ಚು. ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಅವರ ಸಮಕಾಲೀನರು. ಈ ಮಹಾತ್ಮರು ಒಬ್ಬರನ್ನೊಬ್ಬರು ಕಂಡು ಮಾತನಾಡಿದ ಕತೆಗಳನ್ನು ನವಲಗುಂದ, ಕುಂದಗೋಳದ ಹಿರಿಯರು ನಿನ್ನೆ ನಡೆದಂತೆ ಹೇಳುತ್ತಾರೆ. ಒಂದು ಶತಮಾನದಲ್ಲಿ ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟು ಮಂದಿ ಅವಧೂತರು ಓಡಾಡಿದ್ದೇ ದೊಡ್ಡ ಪವಾಡ. ಶರೀಫರು ಮಠ ಕಟ್ಟಲಿಲ್ಲ, ಆಸ್ತಿ ಮಾಡಲಿಲ್ಲ. ಬಡತನ ಕೊನೆಯವರೆಗೂ ಜೊತೆಗಿತ್ತು. ಪದಗಳನ್ನು ಬರೆದಿಡುವ ಕಾಳಜಿಯನ್ನು ಅವರೂ ಮಾಡಲಿಲ್ಲ. ಹಾಡಿದರು, ಕೇಳಿದವರು ಕಲಿತರು. ಪ್ರತಿ ಪದದ ಕೊನೆಗೆ ಬರುವ ಶಿಶುನಾಳಧೀಶ ಎಂಬ ಅಂಕಿತವೇ ಅವುಗಳ ಗುರುತು. ಬಾಯಿಂದ ಬಾಯಿಗೆ ದಾಟುವಾಗ ಮಾತು ಬದಲಾದವು, ನುಡಿಗಳು ಹಿಂದುಮುಂದಾದವು. ಒಂದೇ ಪದ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಕೇಳಿಸುವುದು ಇದರಿಂದಾಗಿಯೇ.

ನಗರಗಳಿಗೆ ಶರೀಫರು ಬಂದುದು ತಡವಾಗಿ. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಸಂಗ್ರಹಿಸಿ ಅರ್ಥ ಹೇಳಿದರು. ಸಿ. ಅಶ್ವಥ್ ರಾಗ ಹಾಕಿ ತಮ್ಮ ಕಂಚಿನ ಕಂಠದಿಂದ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣರ ನಿರ್ದೇಶನದಲ್ಲಿ ತೆರೆಕಂಡ ಸಂತ ಶಿಶುನಾಳ ಶರೀಫ ಚಿತ್ರದಲ್ಲಿ ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ನಟಿಸಿದರು. ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ಅದಕ್ಕೆ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಅಲ್ಲಿಂದೀಚೆಗೆ ಶರೀಫರೆಂದರೆ ಭಾವೈಕ್ಯ ಎಂಬ ಸಮೀಕರಣ ಗಟ್ಟಿಯಾಯಿತು. ಸಭೆ ಸಮಾರಂಭಗಳಿಗೆ ಅದು ಸಾಕು. ಆದರೆ ಗುರುಶಿಷ್ಯರ ಜೋಡಿ ಬೆಳಗಿದಷ್ಟೂ ಗಂಡಹೆಂಡಿರ ಜೋಡಿ ನೆರಳಿಗೆ ಸರಿಯಿತು. ಗೋವಿಂದಭಟ್ಟರ ಕಳಸಕ್ಕೆ ಹೋಗಿಬರುವ ಭಕ್ತರು ಅದೇ ತಾಲ್ಲೂಕಿನ ಕುಂದಗೋಳದಲ್ಲಿ ಶರೀಫರ ಹೆಸರಿನಲ್ಲಿ ನಿಲ್ಲುವುದು ಅಪರೂಪ.

1889ರಲ್ಲಿ, ತಮ್ಮ 70ನೆಯ ವಯಸ್ಸಿನಲ್ಲಿ, ಶರೀಫರು ಶಿಶುನಾಳದಲ್ಲಿ ದೇಹವಿಟ್ಟರು. ಕೊನೆಗಾಲದಲ್ಲಿ ಜಂಗಮರ ಪಾದವನ್ನು ತಲೆಯ ಮೇಲೆ ಇರಿಸಿಕೊಳ್ಳುವ ಶರಣ ಪದ್ಧತಿಯನ್ನು ಅವರು ಬಯಸಿದರೆಂದು ಹೇಳುತ್ತಾರೆ. ಅಂತ್ಯಕ್ರಿಯೆಯಲ್ಲಿ ಒಂದು ಕಡೆ ಕುರಾನ್ ಪಠಣ, ಇನ್ನೊಂದು ಕಡೆ ಮಂತ್ರ ನಡೆದವೆಂಬುದು ಊರಿನ ನೆನಪು. ಅವರ ಗದ್ದುಗೆಗೆ ಎರಡೂ ಸಮುದಾಯದವರು ನ���ೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆ ಸೇರುತ್ತದೆ.

ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ, ಅದರ ಮುಂದೆ ರಾತ್ರಿಯಿಡೀ ಭಜನೆ ನಡೆಸುವ ರೂಢಿಯಿದೆ. ಹಾರ್ಮೋನಿಯಂ ಹಿಡಿದವರಿಗೆ ಬಿಡುವಿಲ್ಲ, ಚಹಾ ಬರುತ್ತಲೇ ಇರುತ್ತದೆ, ಸರತಿಯ ಮೇಲೆ ಹಾಡುವವರು ಬದಲಾಗುತ್ತಾರೆ. ಆ ರಾತ್ರಿಗಳಲ್ಲಿ ಶರೀಫರ ಪದ ಬಾರದೇ ಇರುವುದಿಲ್ಲ. ಸತ್ತವಳು ಮುತ್ತೈದೆಯಾಗಿದ್ದರೆ ಬೆಳಗಿನ ಜಾವದ ಹೊತ್ತಿಗೆ ಯಾರಾದರೂ ಹಿರಿಯರು ತಂಗಿಗೆ ಸಮಾಧಾನ ಹೇಳುವ ಪದವನ್ನು ಎತ್ತಿಕೊಳ್ಳುತ್ತಾರೆ. ಒಳಮನೆಯಲ್ಲಿ ಹೆಂಗಸರು ಹೊಸ ಸೀರೆ, ಬಳೆ, ಕುಬಸ, ಉಡಿಯಕ್ಕಿ ತೆಗೆದಿರಿಸುತ್ತಾರೆ. ಹೆಂಡತಿಯನ್ನು ಕಳೆದುಕೊಂಡವನು ಕಂಬಕ್ಕೆ ಆತು ಕುಳಿತು ಕೇಳುತ್ತಾನೆ.